ಅಪ್ಪಣೆಯಿಲ್ಲದೆ ಕೇಬಲ್ ಕಿತ್ತ ಬಗ್ಗೆ

ಪ್ರಮಾಣಪತ್ರಗಳ ಇಲಾಖೆ
ಸಂಖ್ಯೆ: ಪ್ರಇ/ವೈರಸ್/ಕೇಬಲ್/೧೭

ವಿಷಯ: ಕಚೇರಿಯ ಕಂಪ್ಯೂಟರುಗಳಿಗೆ ವೈರಸ್ ತಗುಲಿದಾಗ ಅದನ್ನು ತಡೆಯುವ, ಹಾಗೂ ಸಾರ್ವಜನಿಕರ ಕೆಲಸ ಒಂದು ಕ್ಷಣವೂ ನಿಲ್ಲದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: ೧. ಸಾಹೇಬರ ಮೌಖಿಕ ಆದೇಶ (ಏರುದನಿಯಲ್ಲಿ). ೨. ಬೆರಳಚ್ಚುಗಾರ್ತಿಯ ಲಿಖಿತ ಹೇಳಿಕೆ.

ಮಂಗಳವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಸಾಹೇಬರ ಕಂಪ್ಯೂಟರಿಗೆ 'ತಮಗೆ ಕಾರು ಬಹುಮಾನ ಬಂದಿದೆ' ಎಂಬ ಅಪರಿಚಿತ ಅಂಚೆ ಬಂದು, ಅದರೊಳಗಿದ್ದ ಕಡತವು ತಾನಾಗಿಯೇ ತೆರೆದುಕೊಂಡಿರುತ್ತದೆ. ಆಗ ಮೌಸಿನ ಮೇಲೆ ಸಾಹೇಬರ ಕೈ ಇದ್ದದ್ದು ಕೇವಲ ಕಾಕತಾಳೀಯವೆಂದು ಪರಿಗಣಿಸಲಾಗಿದೆ. ಹಿಂದೆಯೇ ಕಚೇರಿಯ ದಾಖಲೆಗಳು ಒಂದೊಂದಾಗಿ ಕೆಡತೊಡಗಿದ್ದರಿಂದ, ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ವೈರಸ್ ಕಂಡುಬಂದ ಕೂಡಲೇ ಗಾಬರಿಯಾಗತಕ್ಕದ್ದಲ್ಲ. ಗಾಬರಿಯಾಗಲೇಬೇಕಾದವರು ನಿಗದಿತ ನಮೂನೆಯಲ್ಲಿ ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು.

೨. 'ರೋಗ ಬಂದ ಕಂಪ್ಯೂಟರನ್ನು ಮೊದಲು ಬೇರೆ ಮಾಡಿ' ಎಂದು ತಂತ್ರಜ್ಞರು ಫೋನಿನಲ್ಲಿ ಸೂಚಿಸಿದಾಗ, ಇಬ್ಬರು ಗುಮಾಸ್ತರು ಟಿವಿಯಂತಿರುವ ಪರದೆಯನ್ನಷ್ಟೇ ಹೊತ್ತೊಯ್ದು ಉಗ್ರಾಣದಲ್ಲಿ ಕೂಡಿಹಾಕಿ, ಬಾಗಿಲಿಗೆ ಸ್ಟೂಲು ಅಡ್ಡವಿಟ್ಟಿರುತ್ತಾರೆ. ಮೇಜಿನ ಕೆಳಗಿನ ಪೆಟ್ಟಿಗೆ ಇದ್ದಲ್ಲೇ ಇದ್ದು ತನ್ನ ಕೆಲಸ ಮುಂದುವರಿಸಿರುತ್ತದೆ. ಅಯ್ಯೋ ದೇವರೇ ಎನ್ನದೆ ವಿಧಿಯಿಲ್ಲ. ಇನ್ನು ಮುಂದೆ ಪೆಟ್ಟಿಗೆಯೇ ಕಂಪ್ಯೂಟರ್ ಎಂದು ಈ ಮೂಲಕ ಘೋಷಿಸಲಾಗಿದೆ.

೩. ಕಂಪ್ಯೂಟರನ್ನು ಯಾರೂ ಮುಟ್ಟತಕ್ಕದ್ದಲ್ಲ, ಕೆಲಸವೂ ನಿಲ್ಲತಕ್ಕದ್ದಲ್ಲ. ಸಿಬ್ಬಂದಿಯು ಆರಿದ ಪರದೆಯನ್ನು ಗಂಭೀರವಾಗಿ ನೋಡುತ್ತಾ, ಕೀಲಿಮಣೆಯಿಂದ ಒಂದು ಗೇಣು ಮೇಲೆ ಬೆರಳಾಡಿಸುತ್ತಾ, ತೊಡೆಯ ಮೇಲಿನ ಪುಸ್ತಕದಲ್ಲಿ ಪೆನ್ನಿನಿಂದ ಬರೆದುಕೊಳ್ಳತಕ್ಕದ್ದು. ಮೂರನೇ ಕೈ ಇಲ್ಲವೆಂಬ ಸಬೂಬನ್ನು ಪುರಸ್ಕರಿಸಲಾಗುವುದಿಲ್ಲ.

೪. ತಾನು ಜೀವಂತವಾಗಿರುವ ಬಗ್ಗೆ ಪ್ರಮಾಣಪತ್ರ ಕೇಳಲು ಬಂದ ಅಜ್ಜಿಯೊಬ್ಬರು ಮೂರನೇ ಕಿಟಕಿಯಲ್ಲಿ, 'ಏನಪ್ಪಾ, ನಾನು ಬದುಕಿದೀನಿ ಅನ್ನೋಕೂ ಈ ಡಬ್ಬ ಒಪ್ಪಬೇಕಾ? ಎದುರಿಗೇ ನಿಂತಿದೀನಲ್ಲೋ!' ಎಂದು ಕೇಳಿರುತ್ತಾರೆ. ಈ ಪ್ರಶ್ನೆಯನ್ನು ಆವಕ ವಹಿಯಲ್ಲಿ ದಾಖಲಿಸಿಕೊಳ್ಳಲಾಗಿದೆ. ಯಂತ್ರ ಸರಿಹೋಗುವವರೆಗೆ ಇಂಥವರನ್ನು ತಾತ್ಕಾಲಿಕವಾಗಿ ಬದುಕಿರುವವರೆಂದು ಪರಿಗಣಿಸತಕ್ಕದ್ದು.

೫. ಗುಪ್ತಪದವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವ ಪದ್ಧತಿಯನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಕ್ಯಾಲೆಂಡರನ್ನು ಗೋಡೆಗೆ ಮುಖ ಮಾಡಿ ತೂಗುಹಾಕತಕ್ಕದ್ದು. ತಾರೀಖು ಬೇಕಾದವರು ಪಕ್ಕದ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

೬. ಈಗ ಮುಖ್ಯ ಸಂಗತಿಗೆ ಬರಲಾಗಿದೆ. ಇಷ್ಟೆಲ್ಲ ರಾದ್ಧಾಂತದ ನಡುವೆ, ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ನೆಲೆಯಲ್ಲಿ ದುಡಿಯುತ್ತಿರುವ ಬೆರಳಚ್ಚುಗಾರ್ತಿಯು ಯಾರ ಅಪ್ಪಣೆಯನ್ನೂ ಪಡೆಯದೆ ಎದ್ದು ಹೋಗಿ, ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ, ಗೋಡೆಯಲ್ಲಿದ್ದ ನೀಲಿ ಕೇಬಲನ್ನು ಕಿತ್ತು ಕೈಗೆ ಸುತ್ತಿಕೊಂಡಿರುತ್ತಾರೆ. ಕಾರಣ ಕೇಳಲಾಗಿ, 'ಕಣ್ಣೆದುರಿಗೇ ಕಡತಗಳು ಹಾಳಾಗ್ತಿದ್ವು ಸರ್. ಅಪ್ಪಣೆಗೆ ಅರ್ಜಿ ಬರೀತಾ ಕೂತಿದ್ರೆ ಎಲ್ಲಾ ಎಕ್ಕುಟ್ಟಿ ಹೋಗ್ತಿತ್ತು. ಭಯ ಆಯ್ತು, ಕಿತ್ತೆ. ಎಷ್ಟು ಜನರ ಹುಟ್ಟು, ಮದುವೆ ಎಲ್ಲಾ ಅದರೊಳಗಿದೆ!' ಎಂದು ಬರೆದುಕೊಟ್ಟಿರುತ್ತಾರೆ. ತಂತ್ರಜ್ಞರು ಸಂಜೆ ಬಂದು ನೋಡಿ, ಕೆಟ್ಟದ್ದು ನಲವತ್ತು ಕಡತ, ಉಳಿದದ್ದು ಎಂಬತ್ತು ಸಾವಿರ, 'ಆಯಮ್ಮ ಕೀಳದೇ ಇದ್ದಿದ್ರೆ ಗೋವಿಂದ' ಎಂದು ಅಭಿಪ್ರಾಯ ನೀಡಿರುತ್ತಾರೆ. ಅಭಿಪ್ರಾಯವನ್ನು ಕಡತದಲ್ಲಿ ಇರಿಸಲಾಗಿದೆ. ಇರಿಸುವಾಗ ಈ ಶಾಖೆಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾಗುವುದಿಲ್ಲ.

೭. ಆದಾಗ್ಯೂ, ಸಾಹೇಬರು 'ಯಾರನ್ನ ಕೇಳಿ ಕಿತ್ತಳು? ಅಮಾನತು ಮಾಡ್ರೀ ಅವಳನ್ನ! ಅಮಾನತು ಅಂದ್ರೆ ಅಮಾನತು, ಬೇರೆ ಮಾತಿಲ್ಲ!' ಎಂದು ಆದೇಶಿಸಿರುತ್ತಾರೆ. ನಿಯಮಗಳನ್ನು ಪರಿಶೀಲಿಸಲಾಗಿ, ಖಾಯಂ ನೌಕರರನ್ನು ಮಾತ್ರ ಅಮಾನತು ಮಾಡಲು ಅವಕಾಶವಿರುವುದು ಕಂಡುಬಂದಿದೆ. ತಾತ್ಕಾಲಿಕ ನೌಕರರನ್ನು ಸುಮ್ಮನೆ ಮನೆಗೆ ಕಳುಹಿಸಬಹುದಿತ್ತು. ಆದರೆ ಸಾಹೇಬರ ಆದೇಶದಲ್ಲಿ 'ಅಮಾನತು' ಎಂದೇ ಮೂರು ಬಾರಿ ಸ್ಪಷ್ಟವಾಗಿದ್ದು, ಅದನ್ನು ತಿದ್ದುವಷ್ಟು ಉದ್ಧಟತನ ಈ ಶಾಖೆಗಿಲ್ಲ. ಆದ್ದರಿಂದ ಸದರಿ ಬೆರಳಚ್ಚುಗಾರ್ತಿಯವರನ್ನು ಅಮಾನತುಗೊಳಿಸುವ ಏಕೈಕ ಉದ್ದೇಶದಿಂದ, ಇಂದಿನಿಂದಲೇ ಜಾರಿಗೆ ಬರುವಂತೆ ಖಾಯಂಗೊಳಿಸಿ ಆದೇಶಿಸಲಾಗಿದೆ.

೮. ಖಾಯಂ ಆದೇಶವನ್ನು ಕೈಬರಹದಲ್ಲಿ ನೀಡಲು ಹಳೆಯ ನಿಯಮದಲ್ಲಿ ಅವಕಾಶವಿದ್ದು, ನೀಡಲಾಗಿದೆ. ಅಮಾನತು ಆದೇಶವು ಹೊಸ ನಿಯಮದಂತೆ ಕಂಪ್ಯೂಟರಿನ ಮೂಲಕವೇ ಹೊರಡತಕ್ಕದ್ದು. ಕಂಪ್ಯೂಟರಿಗೆ ಕೇಬಲ್ ಬೇಕು. ಕೇಬಲ್ ಪ್ರಕರಣದ ಸಾಕ್ಷ್ಯವಾಗಿದ್ದು, ಬೆರಳಚ್ಚುಗಾರ್ತಿಯವರ ವಶದಲ್ಲಿರುತ್ತದೆ. ಅದನ್ನು ಮರಳಿ ಜೋಡಿಸಲು ಯಾವಾಗ ಸುರಕ್ಷಿತವೆಂದು ಅವರೇ ತೀರ್ಮಾನಿಸತಕ್ಕದ್ದು; ಈ ಕಚೇರಿಯಲ್ಲಿ ಆ ತಿಳಿವಳಿಕೆ ಬೇರೆ ಯಾರಿಗೂ ಇರುವುದು ಕಂಡುಬಂದಿಲ್ಲ. ಅವರನ್ನು ಈ ವಿಷಯದಲ್ಲಿ ಅವಸರಪಡಿಸುವವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.

ಈ ಸುತ್ತೋಲೆಯ ಕರಡನ್ನು ಸಾಹೇಬರು ಎಂದಿನಂತೆ ಓದದೆ ಅನುಮೋದಿಸಿರುತ್ತಾರೆ.

ಸಹಿ/-
ಕಚೇರಿ ಅಧೀಕ್ಷಕರು
(ಸಾಹೇಬರ ಪರವಾಗಿ)

ಪ್ರತಿಗಳು:
೧. ಸಾಹೇಬರ ಆಪ್ತ ಸಹಾಯಕರಿಗೆ: ಸಾಹೇಬರು ಕಾರಿನ ಬಗ್ಗೆ ಇನ್ನೂ ವಿಚಾರಿಸುತ್ತಿದ್ದಲ್ಲಿ, ಬಂದಿಲ್ಲವೆಂದು ತಿಳಿಸಲು.
೨. ಉಗ್ರಾಣ ಪಾಲಕರಿಗೆ: ಪರದೆಯನ್ನು ಬಿಡುಗಡೆ ಮಾಡಲು.
೩. ಮೂರನೇ ಕಿಟಕಿಯ ಅಜ್ಜಿಯವರಿಗೆ: ಬದುಕಿಯೇ ಇರುವಂತೆ ಕೋರಿ.
೪. ಬೆರಳಚ್ಚುಗಾರ್ತಿಯವರ ಅತ್ತೆಯವರಿಗೆ: 'ಅದೇನು ಖಾಯಂ ಆಗೋ ಕೆಲಸಾನೇನಮ್ಮಾ?' ಎಂದು ಹನ್ನೊಂದು ವರ್ಷಗಳಿಂದ ಪ್ರತಿದಿನ ಕೇಳುತ್ತಿರುವ ಪ್ರಶ್ನೆಗೆ ಇಲಾಖೆಯ ಉತ್ತರವಾಗಿ.