ಡಿಜೆ ಅಂದ್ರ ಏನ್ ಕೆಲಸಾರಿ?

ನನ್ನ ಕೆಲಸದಲ್ಲಿ ತಾಳ ತಪ್ಪುವುದು ಅಪರೂಪ, ಮಂದಿ ತಪ್ಪು ತಿಳಿಯದ ದಿನ ಅದಕ್ಕಿಂತ ಅಪರೂಪ. ಈಗ ನಾನು ದೊಡ್ಡ ದೊಡ್ಡ ಊರುಗಳ ಮೈದಾನಗಳಲ್ಲಿ ಸಾವಿರಾರು ಜನರನ್ನು ಕುಣಿಸುವ ಡಿಜೆ. ಪೇಪರಿನಲ್ಲಿ ಫೋಟೋ ಬರುತ್ತದೆ, ವಿಮಾನದಲ್ಲಿ ಪಕ್ಕದವರು ಸೆಲ್ಫಿ ಕೇಳುತ್ತಾರೆ. ಆದರೆ ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಓಣಿಯಲ್ಲಿ ನನ್ನ ಕೀರ್ತಿ "ಮಾಸ್ತರ ಮಗಳು, ಅದೇನೋ ಗುಂಡಿ ಒತ್ತತಾಳಂತ" ಎನ್ನುವಲ್ಲಿಗೇ ನಿಂತಿದೆ.

ಎದೆಬಡಿತ

ಬಿ.ಎಡ್. ಓದಲಿ ಎಂದು ಅಪ್ಪ ನನ್ನನ್ನು ಧಾರವಾಡದ ಸಪ್ತಾಪುರದಲ್ಲಿ ಮಹಡಿ ಮೇಲಿನ ಖೋಲಿಯೊಂದರಲ್ಲಿ ಇಟ್ಟಿದ್ದರು. ನನಗೋ ಪುಸ್ತಕಕ್ಕಿಂತ ಹಳೇ ಲ್ಯಾಪ್‌ಟಾಪು, ದೊಡ್ಡದೊಂದು ಸ್ಪೀಕರು ಇವುಗಳ ಜೊತೆಗೇ ಸಂಸಾರ. ಶಬ್ದ ಹೊರಗೆ ಹೋಗಬಾರದೆಂದು ಸ್ಪೀಕರಿಗೆ ಗಾದಿ ಸುತ್ತಿ, ನೆಲಕ್ಕೆ ಮುಖ ಮಾಡಿ ಮಲಗಿಸಿದ್ದೆ. ಹಾಡು ಹೊರಗೆ ಹೋಗಲಿಲ್ಲ ನಿಜ. ಅದರ 'ಧಬ್ ಧಬ್' ಮಾತ್ರ ಸೀದಾ ಕೆಳಗಿಳಿಯಿತು.

ಕೆಳಗೆ ಮನೆಯ ಮಾಲಕರು, ನಿವೃತ್ತ ಪ್ರೊಫೆಸರು. ಎದೆ ಬಡಿದುಕೊಳ್ಳುತ್ತಿದೆ ಎಂದು ಗಾಬರಿಯಾಗಿ ಹೆಂಡತಿಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಓಡಿದರು. ಇಸಿಜಿಯಲ್ಲಿ ಏನೂ ಇಲ್ಲ.

"ಇಲ್ಲಿ ಬಡಕೊಳ್ಳಂಗಿಲ್ರಿ ಡಾಕ್ಟ್ರ. ಮನಿಗೆ ಹೋಗಿ ಕುರ್ಚಿಮ್ಯಾಲೆ ಕುಂತ್ರ ಶುರು ಆಗ್ತೈತಿ."

"ಮನ್ಯಾಗ ಏನರ ಟೆನ್ಶನ್ ಐತೇನ್ರಿ ಸರ್?"

ಪ್ರೊಫೆಸರು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಮುಖ ನೋಡಿದರು, ಅಷ್ಟೇ. ಕಾಕು (ಪ್ರೊಫೆಸರರ ಹೆಂಡತಿಯನ್ನು ನಾನು ಕರೆಯುತ್ತಿದ್ದುದೇ ಹಾಗೆ) ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟರು. ಇದೆಲ್ಲ ಕಾಕು ಆಮೇಲೆ ನನ್ನನ್ನು ಬಯ್ಯುವಾಗ ಹೇಳಿದ್ದು. ಆದರೆ ಐದನೆಯ ದಿನ ಅಡುಗೆಮನೆಯಿಂದ ಅವರು ಕೂಗಿದ್ದು ಮೇಲಿದ್ದ ನನಗೇ ಕೇಳಿಸಿತು:

"ಏನ್ರೀ, ಲಗೂ ಬರ್ರಿ ಇಲ್ಲೆ! ನಿಮ್ಮ ಎದಿಬಡಿತ ನನ್ನ ಬ್ಯಾಳಿ ಡಬ್ಬ್ಯಾಗ ಯಾವಾಗ ಬಂತು?"

ಶಾಂತ ರೀತಿ

ಬಿ.ಎಡ್. ಹೇಗೋ ಮುಗಿಯಿತು. "ಒಂದು ವರ್ಷ ನಿನ್ನ ಹುಚ್ಚು ನೋಡೂಣು, ಆಮ್ಯಾಲೆ ಸುಮ್ಮನ ಸಾಲಿಗೆ ಹೋಗಿ ಪಾಠಾ ಹೇಳು" ಅಂದರು ಅಪ್ಪ. ಹನ್ನೊಂದು ತಿಂಗಳು ಮಂದಿಯ ಮಕ್ಕಳ ಬರ್ತ್‌ಡೇಗಳಲ್ಲೇ ಕಳೆದವು. ಹನ್ನೆರಡನೆಯ ತಿಂಗಳು ಒಂದು ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಕರೆ ಬಂತು. ಅಲ್ಲಿ ಗೆಲ್ಲಲಿಲ್ಲವೆಂದರೆ ಚಾಕ್‌ಪೀಸೇ ಗತಿ.

ನಮ್ಮ ಸಂಗೀತದಲ್ಲಿ ಒಂದು ಆಟವಿದೆ. ತಾಳವನ್ನು ಏರಿಸುತ್ತ ಏರಿಸುತ್ತ ಹೋಗಿ ಥಟ್ಟನೆ ಎಲ್ಲ ನಿಲ್ಲಿಸಬೇಕು. ಜನ ಉಸಿರು ಬಿಗಿಹಿಡಿದಾಗ ಧಡಾರನೆ ಮತ್ತೆ ಬಿಡಬೇಕು. ನಾನೂ ಏರಿಸಿದೆ, ನಿಲ್ಲಿಸಿದೆ. ಪ್ರಿನ್ಸಿಪಾಲರು, ಪಾಪ, ಮುಗಿಯಿತೆಂದೇ ತಿಳಿದು ಮೈಕ್ ಹಿಡಿದರು.

"ವಿದ್ಯಾರ್ಥಿಗಳು ದಯವಿಟ್ಟು ಶಾಂತ ರೀತಿಯಿಂದ ಮನೆಗೆ ತೆರಳಬೇಕು!"

'ಬೇಕು' ಅನ್ನುವುದಕ್ಕೂ ನನ್ನ ಧಡಾರ್ ಬೀಳುವುದಕ್ಕೂ ಸರಿಹೋಯಿತು. ಇಡೀ ಮೈದಾನ ಹುಚ್ಚೆದ್ದು ಕುಣಿಯಿತು. "ಒನ್ಸ್ ಮೋರ್ ಸರ್!" ಎಂಬ ಕೂಗು. ಯಾರದೋ ಫೋನಿನ ವಿಡಿಯೋ ಎರಡೇ ದಿನದಲ್ಲಿ ರಾಜ್ಯ ಸುತ್ತಿತು. ನಾನು ಆ ಮಾತನ್ನೇ ಇಟ್ಟು ಹಾಡು ಮಾಡಿಬಿಟ್ಟೆ. ನನಗೆ ಹೆಸರು ಬಂದದ್ದೇ ಅದರಿಂದ.

ಒಂದು ಮುಂಜಾನೆ ಪ್ರಿನ್ಸಿಪಾಲರ ಫೋನು. ಬೈಗುಳ ಖಚಿತವೆಂದುಕೊಂಡೇ ಎತ್ತಿದೆ.

"ಆ ಹಾಡಿನ್ಯಾಗ ಇರೂದು ನನ್ನ ದನಿ ಏನವಾ?"

"ಹೌದ್ರಿ ಸರ್. ಕೇಳದನ ಹಾಕಿದ್ದು ತಪ್ಪಾತ್ರಿ. ಇವತ್ತ ತಗದುಬಿಡ್ತೇನ್ರಿ."

"ತಗೀ ಅಂತ ಯಾರಂದ್ರು? 'ತೆರಳಬೇಕು' ಅನ್ನೂದ್ರಾಗ 'ಳ' ಸರಿ ಬಂದಿಲ್ಲ. ನಾ ಧಾರವಾಡದಾಂವ, ಮಂದಿ ಏನ್ ತಿಳ್ಕೋಬೇಕು? ನಾಳೆ ಬಂದು ಇನ್ನೊಮ್ಮೆ ರೆಕಾರ್ಡ್ ಮಾಡ್ಕೊಂಡು ಹೋಗು."

ಬ್ಯಾನರು

ಹುಬ್ಬಳ್ಳಿಯಲ್ಲಿ ನನ್ನ ಮೊದಲ ದೊಡ್ಡ ಶೋ. ಕೇಶ್ವಾಪುರದ ಸರ್ಕಲ್ಲಿನಲ್ಲಿ ಬ್ಯಾನರು ಎದ್ದಿತು: ನಾನು ಒಂದು ಕೈ ಮೇಲೆತ್ತಿ ನಗುತ್ತಿದ್ದೇನೆ, ಹಿಂದೆ ಜನಸಾಗರ. ಮರುದಿನವೇ ಹಿಂದಿನ ಓಣಿಯ ಕಾಕಾ ಮನೆಗೆ ಬಂದು ತುಂಬಿ ಹರಿಯುವ ಗಟಾರದ ಕಥೆ ಹೇಳಲು ಶುರು ಮಾಡಿದರು. ಅಪ್ಪನಿಗೆ ಅರ್ಥವಾಗಲಿಲ್ಲ.

"ಗಟಾರದ ವಿಷಯ ನಮ್ಮ ಮುಂದ ಯಾಕ ಹೇಳ್ತೀರಿ?"

"ಮತ್ತ ಮಗಳು ಇಲೆಕ್ಷನ್ನಿಗೆ ನಿಂತಾಳಲ್ರಿ. ಬ್ಯಾನರ್ ನೋಡೇನಿ."

"ನಿಂತಿಲ್ರೀ! ಆಕಿ ಮಂದೀನ ಕುಣಸ್ತಾಳ."

ಕಾಕಾ ತಣ್ಣಗೆ ಹೇಳಿದರು: "ಎರಡೂ ಒಂದಽ ಆತಲ್ರಿ."

ಹೆಣ್ಣು ನೋಡಲು ಬಂದವರು

ಹೋದ ವರ್ಷ ಒಂದು ಸಂಬಂಧ ಬಂತು. ಹುಡುಗ ಲೆಕ್ಚರರು, ಅವರಪ್ಪ ಹತ್ತಿ ವ್ಯಾಪಾರಿ. "ಹುಡುಗಿ ಡಿಜೆ ಇದ್ದಾಳ" ಎಂದಷ್ಟೇ ಮಗ ಮನೆಯಲ್ಲಿ ಹೇಳಿದ್ದನಂತೆ. ಒಂದು ರವಿವಾರ ಮುಂಜಾನೆ ಬಂದರು. ನಾನು ಚಹಾ ಹಿಡಿದು ಹೊರಗೆ ಬಂದರೆ ಹುಡುಗನ ತಂದೆ ದಡಕ್ಕನೆ ಎದ್ದು ನಿಂತು ಕೈಮುಗಿದರು. ಇಂಥ ಮರ್ಯಾದೆ ನನಗೆ ಹೊಸದು.

"ತಮ್ಮ ಮುಂದ ಎಷ್ಟು ಮಂದಿ ಬರ್ತಾರ್ರಿ?"

"ಒಮ್ಮೊಮ್ಮೆ ಹತ್ತು ಸಾವಿರ ಆಗ್ತಾರ್ರಿ."

"ಅಬ್ಬಾ! ಅಷ್ಟೂ ಮಂದೀನ ಒಬ್ಬರೇ ಸಂಭಾಳಿಸ್ತೀರಿ?"

"ಹೌದ್ರಿ. ಈ ಕಿವ್ಯಾಗ ಒಂದು ಕೇಳ್ತೇನಿ, ಆ ಕಿವ್ಯಾಗ ಇನ್ನೊಂದು. ಎರಡೂ ಹೊಂದ್ತಾವೇನು ನೋಡಿ ಕೂಡಿಸಿಬಿಡ್ತೇನಿ."

"ಭೇಷ್! ರಾಜಿ ಮಾಡ್ಸೂದು ಭಾಳ ಛಲೋ. ಮತ್ತ ಹಳೇವು ಬಂದ್ರ?"

"ಹಳೇವಂದ್ರ ನನಗ ಪ್ರಾಣರಿ. ನಲವತ್ತು ವರ್ಷದ್ದಿದ್ರೂ ಧೂಳಾ ಝಾಡಿಸಿ ನಾಕು ನಿಮಿಷದಾಗ ಮುಗಿಸ್ತೇನಿ."

ಅವರ ಕಣ್ಣಲ್ಲಿ ನೀರೇ ಬಂತು. ಚೀಲದಿಂದ ದಪ್ಪನೆಯ ಫೈಲು ತೆಗೆದರು. "ನಮ್ಮ ಕೇಸು ಇಪ್ಪತ್ತೆರಡು ವರ್ಷದ್ದೈತ್ರಿ. ಬಾಜೂ ಮನಿಯಾಂವ ನಮ್ಮ ಜಾಗಾದಾಗ ಗ್ವಾಡಿ ಕಟ್ಟ್ಯಾನ. ಹೆಂಗರ ಮಾಡಿ ತಮ್ಮ ಕೋರ್ಟಿಗೆ..."

ಆಗ ತಿಳಿಯಿತು. ಡಿಜೆ ಅಂದರೆ ಡಿಸ್ಟ್ರಿಕ್ಟ್ ಜಡ್ಜ್ ಎಂದುಕೊಂಡಿದ್ದಾರೆ! ಅಪ್ಪ ಕೆಮ್ಮಿ ಕೆಮ್ಮಿ ಹೇಳಿದರು: "ಇಲ್ರೀ, ಆಕಿ ಜಡ್ಜ್ ಅಲ್ಲ. ಸ್ಪೀಕರ್ ಇಟ್ಟು ಹಾಡು ಹಚ್ತಾಳ."

ಹುಡುಗ ನೆಲ ನೋಡುತ್ತ, "ಅಪ್ಪಾ, ನನಗ ಗೊತ್ತಿತ್ತು" ಅಂದ.

"ಗೊತ್ತಿದ್ರ ಯಾಕ ಹೇಳ್ಲಿಲ್ಲೋ?"

"ಹೇಳಿದ್ರ ನೀ ಬರ್ತಿದ್ದಿಲ್ಲ."

ನಾನು ಹುಡುಗನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಅವರಪ್ಪ ಫೈಲನ್ನು ಚೀಲಕ್ಕೆ ತುರುಕತೊಡಗಿದರು. ಮುಗಿಯಿತು, ಎದ್ದು ಹೋಗುತ್ತಾರೆ ಎಂದುಕೊಂಡೆ. ಅರ್ಧಕ್ಕೇ ಕೈ ನಿಂತಿತು.

"ಸ್ಪೀಕರ್ ಅಂದ್ರಲ್ಲ, ಎಷ್ಟು ದೊಡ್ಡವಿರ್ತಾವ್ರಿ?"

"ಆಳೆತ್ತರ ಇರ್ತಾವ್ರಿ."

"ಹಚ್ಚಿದ್ರ ಗ್ವಾಡಿ ನಡಗ್ತಾವೇನು?"

"ನಡಗ್ತಾವ್ರಿ."

ಅವರು ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಹೆಂಡತಿಯ ಕಡೆ ತಿರುಗಿದರು:

"ಹುಡುಗಿ ಪಸಂದ್. ಆದ್ರ ಕಲ್ಯಾಣ ಮಂಟಪ ಬ್ಯಾಡ, ಲಗ್ನ ನಮ್ಮ ಮನಿ ಮುಂದನ ಆಗ್ಲಿ. ಸ್ಪೀಕರ್ ಅಷ್ಟೂ ಬಾಜೂಕಿನ ಗ್ವಾಡಿಗೆ ಮಾರಿ ಮಾಡಿ ಇಡ್ರಿ!"