ಅರಸು ಬುದ್ಧಿಯವರ ಚಪ್ಪಲಿ ಅಂಗಡಿ

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಬೇರೆ ಏನನ್ನು ಮಾರಲು ಕೂತಿದ್ದರೂ ಮಲ್ಲರಾಜೇ ಅರಸರಿಗೆ ಈ ಗತಿ ಬರುತ್ತಿರಲಿಲ್ಲ. ಹೋಗಿ ಹೋಗಿ ಚಪ್ಪಲಿ ಅಂಗಡಿ ಇಟ್ಟರು! ಅರಮನೆಯ ನೆಂಟರು, ಸುತ್ತಲ ಹಳ್ಳಿಗಳ ಹಳೇ ಒಕ್ಕಲುಗಳಿಗೆಲ್ಲ ‘ಬುದ್ಧಿ’. ಅವರ ಮುಂದೆ ಚಪ್ಪಲಿ ಮೆಟ್ಟಿಕೊಂಡು ನಿಲ್ಲುವ ಧೈರ್ಯ ಆ ಸೀಮೆಯಲ್ಲಿ ಯಾರಪ್ಪನಿಗೂ ಇರಲಿಲ್ಲ. ಅಂಗಡಿ ತೆರೆದಾಗಿನಿಂದ ಆ ರಸ್ತೆಯಲ್ಲಿ ಬರುವವರು ಇಪ್ಪತ್ತು ಮಾರು ಆಚೆಯೇ ಚಪ್ಪಲಿ ಕಳಚಿ, ಕಂಕುಳಲ್ಲಿ ಇರುಕಿಕೊಂಡು, ಅಂಗಡಿ ದಾಟಿದ ಮೇಲೆ ಮತ್ತೆ ಮೆಟ್ಟುತ್ತಿದ್ದರು. ಕೆಲವರಂತೂ ಈ ರಗಳೆಯೇ ಬೇಡವೆಂದು ಬರಿಗಾಲಲ್ಲಿ ಓಡಾಡತೊಡಗಿದ್ದರು.

ಇದೇನೂ ಅವರ ಮೊದಲ ಉದ್ಯಮವಲ್ಲ. ಹೆಂಡತಿ ತೀರಿಕೊಂಡ ವರ್ಷ ಸೋಡಾ ಫ್ಯಾಕ್ಟರಿ ಮಾಡಿದರು. ಬುದ್ಧಿಯವರ ಎದುರಿಗೆ ತೇಗುವುದು ಹೇಗೆ ಎಂದು ಯಾರೂ ಕುಡಿಯಲಿಲ್ಲ. ಆಮೇಲೆ ಬಾಡಿಗೆ ಸೈಕಲ್ ಇಟ್ಟರು. ಸೈಕಲ್ ತೆಗೆದುಕೊಂಡವರು ಅವರ ಕಣ್ಣಿಗೆ ಮರೆಯಾಗುವ ತನಕ ತಳ್ಳಿಕೊಂಡೇ ಹೋಗಿ, ಅಷ್ಟು ಹೊತ್ತಿಗೆ ಸುಸ್ತಾಗಿ, ತಳ್ಳಿಕೊಂಡೇ ವಾಪಸ್ ತಂದು ಒಪ್ಪಿಸುತ್ತಿದ್ದರು.

ಹೊಟ್ಟೆಪಾಡಿಗೆ ಅರಸರಿಗೆ ತೆಂಗಿನ ತೋಟವಿತ್ತು. ಬೇಕಿದ್ದದ್ದು ಮಾತು. ಮನೆಯಲ್ಲಿ ತಮ್ಮದೇ ಕೆಮ್ಮು ಬಿಟ್ಟು ಬೇರೆ ಸದ್ದು ಕೇಳಿ ಎರಡು ವರ್ಷವಾಗಿತ್ತು. ಚಪ್ಪಲಿ ಅಂಗಡಿಯಾದರೆ ಗಿರಾಕಿ ಎದುರಿಗೆ ಸ್ಟೂಲಿನ ಮೇಲೆ ಕೂರಲೇಬೇಕು, ಬಿಗಿಯಾಯಿತು, ಸಡಿಲವಾಯಿತು ಎಂದು ನಾಲ್ಕು ಮಾತಾಡಲೇಬೇಕು. ಆ ಆಸೆಗೆ ಅಂಗಡಿ ಇಟ್ಟು ಮೂರು ತಿಂಗಳಾದರೂ ಒಂದು ಜೊತೆಯೂ ಅಲುಗಿರಲಿಲ್ಲ. ತೊಂಬತ್ತಾರನೇ ಇಸವಿಯ ಆ ಸಂತೆಯ ದಿನ ಸಂಜೆ ಐದಕ್ಕೆ ಮೈಸೂರಿನ ಡೀಲರ್ ಕಡೆಯ ವಸಂತ್ ಬಂದು ಮಾಲು ವಾಪಸ್ ಒಯ್ಯುವವನಿದ್ದ. ಮಾಲು ಹೋದರೆ ಅಂಗಡಿ ಮುಚ್ಚಿತು. ಮತ್ತೆ ಆ ಮನೆ, ಆ ಕೆಮ್ಮು.

ಬೆಳಿಗ್ಗೆ ಪಕ್ಕದ ಟೀ ಅಂಗಡಿಯ ಪುಟ್ಟಸ್ವಾಮಿ ಲೋಟ ತಂದಿಟ್ಟು, ಹೊಸಿಲಾಚೆ ನಿಂತ.

“ನೀನೂ ಒಂದು ಲೋಟ ತಂದು ಇಲ್ಲೇ ಕೂತು ಕುಡಿಯೋ ಪುಟ್ಟಸ್ವಾಮಿ.”

“ಸಿವಾ ಸಿವಾ! ನಾನು ಆಮ್ಯಾಕೆ ಕುಡೀತೀನಿ ಬುಡಿ. ಒಂದ್ ಮಾತು ಯೋಳ್ತೀನಿ ಬುದ್ದಿ, ಬ್ಯಾಸರ ಮಾಡ್ಕಬ್ಯಾಡಿ. ಆ ಕೋಟು ಕಂಡೇ ಜನ ಎದುರ್ಕತಾರೆ. ಅದ್ನ ಬಿಚ್ಚಾಕಿ, ನನ್ನ ಅಂಗಿ ಆಕ್ಕಳಿ. ಬಂದೋರ್ನೆಲ್ಲ ಬನ್ನಿ ಓಗಿ ಅಂತ ಮರ್ವಾದೆ ಕೊಟ್ಟು ಮಾತಾಡ್ಸಿ.”

ಕೋಟು ಹೋಯಿತು. ಪುಟ್ಟಸ್ವಾಮಿಯ ಅಂಗಿ ಅರಸರ ಹೊಟ್ಟೆಯ ಮೇಲೆ ಎರಡು ಗುಂಡಿ ಕಿತ್ತುಕೊಂಡು ಕೂತಿತು. ಸಂತೆಗೆ ಬದನೆಕಾಯಿ ಹೊತ್ತು ಹೊರಟಿದ್ದ ಮಲ್ಲಾಜಮ್ಮ ಆ ಅವತಾರ ಕಂಡು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮಂಕರಿ ಇಳಿಸಿ, ನಾಲ್ಕು ಬದನೆಕಾಯಿ ಹೊಸಿಲ ಮೇಲಿಟ್ಟು ಮೆಲ್ಲಗೆ, “ಯಾರ್ಗೂ ಯೋಳಾಕಿಲ್ಲ ಬುದ್ದಿ. ಕಷ್ಟ ಯಾರ್ಗ್ ಬರಾಕಿಲ್ಲ, ಬುಡಿ” ಎಂದು ಕಣ್ಣೊರೆಸಿಕೊಂಡು ಹೋದಳು. ಅರಸರು ಬದನೆಕಾಯಿ ನೋಡುತ್ತಾ ಕೂತರು. ಪುಟ್ಟಸ್ವಾಮಿಯನ್ನು ಬಿಟ್ಟರೆ ಮೂರು ತಿಂಗಳಲ್ಲಿ ಅಷ್ಟು ಉದ್ದ ಮಾತಾಡಿದವಳು ಅವಳೊಬ್ಬಳೇ.

ಮಧ್ಯಾಹ್ನದ ಹೊತ್ತಿಗೆ ಪುಟ್ಟಸ್ವಾಮಿ ಸಂತೆಯಿಂದ ಮಂಟಯ್ಯನ ರಟ್ಟೆ ಹಿಡಿದು ಎಳೆದು ತಂದ. ಮಂಟಯ್ಯನದು ತಾತನ ಕಾಲದಿಂದ ಅರಸರ ಗದ್ದೆ ಉತ್ತ ಮನೆತನ. ಅರಸರು ಎದ್ದು ನಿಂತು, “ಬನ್ನಿ ಮಂಟಯ್ಯನವರೇ, ಕೂತ್ಕೊಳ್ಳಿ” ಎಂದರು.

ಮಂಟಯ್ಯನ ಮುಖ ಬಿಳಚಿಕೊಂಡಿತು. “ನನ್ನಿಂದೇನ್ ತೆಪ್ಪಾಯ್ತು ಬುದ್ದಿ? ಬಯ್ಯಂಗಿದ್ರೆ ಲೋ ಮಂಟ ಅಂತ ಬಯ್ದುಬುಡಿ. ಇಂಗೆ ನೀವು ಗೀವು ಅನ್ನಬ್ಯಾಡಿ, ವಂಸ ಉಳಿಯಾಕಿಲ್ಲ!”

“ತಪ್ಪೇನಿಲ್ವೋ ಮಾರಾಯ, ಚಪ್ಪಲಿ ಹಾಕ್ಕೊಂಡು ನೋಡು.”

“ತಮ್ಮ ಮುಂದೆ ಕಾಲ್ ಚಾಚಾಕಾದದಾ ಬುದ್ದಿ?”

ಪುಟ್ಟಸ್ವಾಮಿ ಹಿಂದಿನಿಂದ ಹೆಗಲು ಅಮುಕಿ ಅವನನ್ನು ಸ್ಟೂಲಿನ ಮೇಲೆ ಕೂರಿಸಿದ. ಅರಸರು ಮಂಡಿಯೂರಿ ಮಂಟಯ್ಯನ ಪಾದ ಹಿಡಿದು ಚಪ್ಪಲಿ ತೊಡಿಸಿದರು. ಒಡೆದ ಹಿಮ್ಮಡಿ, ಬೆಚ್ಚಗಿತ್ತು. ಹೆಂಡತಿ ಹೋದಮೇಲೆ ಅವರು ಇನ್ನೊಬ್ಬ ಮನುಷ್ಯನ ಮೈ ಮುಟ್ಟಿದ್ದು ಅದೇ ಮೊದಲು. “ಏನಾದ್ರೂ ಮಾತಾಡೋ ಮಂಟ” ಎಂದರು.

ಮಂಟಯ್ಯ ಬೆಂಕಿ ತುಳಿದವನಂತೆ ಎಗರಿ ಎದ್ದು, ಚಪ್ಪಲಿ ಕಳಚಿ ಕಣ್ಣಿಗೊತ್ತಿಕೊಂಡು, ತಲೆಯ ಮೇಲಿಟ್ಟುಕೊಂಡು, ಮುದುರಿದ ನೋಟುಗಳನ್ನು ಹೊಸಿಲ ಮೇಲೆ ಹಾಕಿ, “ಬುದ್ಯೋರು ಕೈಯಾರ ಮುಟ್ಕೊಟ್ರು ಕಣ್ರಲಾ!” ಎಂದು ಕೂಗುತ್ತಾ ಸಂತೆಯೊಳಕ್ಕೆ ಓಡಿದ.

ಆಮೇಲೆ ಕೇಳಬೇಕೆ? ಇಡೀ ಸಂತೆ ಅಂಗಡಿಯ ಮೇಲೆ ಬಿತ್ತು. “ನಂಗೊಂದು ಮುಟ್ಕೊಡಿ ಬುದ್ದಿ”, “ನಮ್ಮಟ್ಟಿಗೊಂದು!” ಅರಸರು “ಅಳತೆ? ಅಳತೆ ನೋಡ್ಬೇಡ್ವೇನ್ರೋ?” ಎಂದು ಅಂಗಲಾಚಿದರು.

“ಯಾವ್ದಾದ್ರೂ ಆಯ್ತದೆ ಬುದ್ದಿ. ಒಳಮನೇಲಿ ಮಡಗಾಕೆ. ಇದ್ನ ಮೆಟ್ಟಾಕಾದದಾ!”

ಒಬ್ಬನಿಗೆ ಎರಡೂ ಎಡಗಾಲಿನವೇ ಸಿಕ್ಕವು. ಅವನು ಅದಕ್ಕೂ ಕೈಮುಗಿದ. ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ನಾಲ್ಕು ಗಂಟೆಗೆ ಕಪಾಟು ಖಾಲಿ, ರಸ್ತೆಯೂ ಖಾಲಿ. ಅರಸರಿಗೆ ಕೈ ನೋಯುತ್ತಿತ್ತು. ಆದರೂ ಒಂದು ಸಮಾಧಾನ, ಅಂಗಡಿ ಉಳಿಯಿತು. ಅಂಗಡಿ ಉಳಿದರೆ ಇವತ್ತಲ್ಲ ನಾಳೆ ಒಬ್ಬ ಕೂತಾನು.

ಐದಕ್ಕೆ ವಸಂತ್ ಬಂದ. ಮೈಸೂರಿನ ಹುಡುಗ, ಬುದ್ಧಿ ಗಿದ್ಧಿ ಒಂದೂ ಅರಿಯದವನು. ಬೂಟುಗಾಲಲ್ಲೇ ಒಳಗೆ ಬಂದು, ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ! ಹೊರಗೆ ನಿಂತ ಪುಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡ. ಅರಸರ ಮುಖ ಅರಳಿಹೋಯಿತು. “ಟೀ ತಗೊಳ್ತೀರಾ? ಮೈಸೂರಲ್ಲಿ ಎಲ್ಲಿ ನಿಮ್ಮ ಮನೆ? ತಾಯಿ ತಂದೆ ಚೆನ್ನಾಗಿದ್ದಾರಾ?”

ವಸಂತನ ಕಣ್ಣು ಖಾಲಿ ಕಪಾಟಿನ ಮೇಲಿತ್ತು. ನಡೆದದ್ದನ್ನು ಪುಟ್ಟಸ್ವಾಮಿ ಹೇಳುತ್ತಿದ್ದಂತೆ ಅವನು ತೊಡೆ ತಟ್ಟಿಕೊಂಡ. “ಸಾರ್, ನೀವು ಇಲ್ಲಿ ಕೂತಿರೋದೇ ದೊಡ್ಡ ತಪ್ಪು! ದಿನಾ ಕಣ್ಣಿಗೆ ಬಿದ್ರೆ ಜನಕ್ಕೆ ಸಲಿಗೆ ಬಂದ್ಬಿಡತ್ತೆ. ಸಲಿಗೆ ಬಂದ್ರೆ ಮಾಲು ಹೋಗಲ್ಲ. ಬಾಕ್ಸುಗಳನ್ನ ನಿಮ್ಮ ಮನೇಗೇ ಇಳಿಸ್ತೀನಿ. ಒಳಗೆ ಕೂತು ಒಂದೊಂದೇ ಮುಟ್ಟಿ ಕಳಿಸಿ, ಸಾಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರಕ್ಕೆಲ್ಲ ನಾನು ಸಪ್ಲೈ ಮಾಡ್ತೀನಿ.”

“ಮತ್ತೆ ಅಂಗಡಿ?”

“ಪುಟ್ಟಸ್ವಾಮಿ ಇದಾರಲ್ಲ!”

“ಬುದ್ಯೋರು ಅಪ್ಣೆ ಕೊಟ್ರೆ...” ಎಂದು ಪುಟ್ಟಸ್ವಾಮಿ ಕೈಮುಗಿದ.

“ಅಲ್ಲಪ್ಪ, ನನಗೆ ಇಲ್ಲಿ... ಜನರ ಜೊತೆ...” ಎಂದು ಅರಸರು ಶುರು ಮಾಡಿದರು. ಬುದ್ಧಿ ಏನೋ ಹೇಳುತ್ತಿದ್ದಾರೆಂದು ಸಂತೆ ಮುಗಿಸಿ ಬೀದಿಯಲ್ಲಿ ಹೊರಟಿದ್ದವರೆಲ್ಲ ಮಾತು ನಿಲ್ಲಿಸಿ, ಟವೆಲು ಕಂಕುಳಿಗೆ ಸೇರಿಸಿ, ತಲೆ ಬಗ್ಗಿಸಿ ನಿಂತರು. ಆ ಮೌನದೊಳಗೆ ನನ್ನ ಜೊತೆ ಒಂದಿಷ್ಟು ಮಾತಾಡಿ ಎಂದು ಬೇಡುವುದು ಅವರಿಂದ ಆಗಲಿಲ್ಲ. “ಆಗಲಿ” ಎಂದುಬಿಟ್ಟರು.

ಮಾರನೇ ದಿನ ಹೊತ್ತು ಮುಳುಗುವ ಮುಂಚೆ ವ್ಯಾನು ಮುನ್ನೂರು ಬಾಕ್ಸು ತಂದು ಮನೆಯ ಪಡಸಾಲೆ ತುಂಬ ಇಳಿಸಿ ಹೋಯಿತು. ಅರಸರು ಅವುಗಳ ನಡುವೆ ಜಾಗ ಮಾಡಿಕೊಂಡು ಕೂತರು. ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದ ಪುಟ್ಟಸ್ವಾಮಿ, ಅಂಗಡಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಭಕ್ತಿಯಿಂದ ಕೂಗಿ ಹೇಳಿದ:

“ಬುದ್ದಿ, ಕದ ಬದ್ರವಾಗಿ ಆಕ್ಕಳಿ! ಯಾರಾದ್ರೂ ಮಾತಾಡ್ಸಾಕೆ ಬಂದ್ಬುಟ್ಟಾರು!”