ಆಯುಧಪೂಜೆಯ ಎರಡನೇ ಸಹಿ

ಹೆದರುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಹೋಗಿ ನೋಡುವ ಪೈಕಿ. ಹಾಗೆ ಹೋದ ದಿನ, ಬೀಗ ಹಾಕಿದೆನೋ ಇಲ್ಲವೋ ಎಂದು ಇನ್ನೊಂದು ಸಲ ಹೋಗುತ್ತೇನೆ. ಇಂಥವನನ್ನು ನಮ್ಮ ಕಂಪನಿ ನೆಲಮಂಗಲದ ಗೋಡೌನಿನಲ್ಲಿ ಸಿಬ್ಬಂದಿಯ ಕಾಗದಪತ್ರ ನೋಡಿಕೊಳ್ಳಲು ಕೂರಿಸಿದೆ.

ಹೋದ ವರ್ಷ ಮೇಲಿನವರಿಗೆ ನಿವೃತ್ತಿ ವಯಸ್ಸನ್ನು ಅರವತ್ತರಿಂದ ಐವತ್ತೆಂಟಕ್ಕೆ ಇಳಿಸಬೇಕೆನಿಸಿತು. ನೇಮಕಾತಿ ಪತ್ರದಲ್ಲಿ ಅರವತ್ತು ಎಂದು ಬರೆದುಕೊಟ್ಟ ಮೇಲೆ ಕಂಪನಿ ತಾನಾಗಿಯೇ ಬದಲಿಸುವಂತಿಲ್ಲ, ಪ್ರತಿಯೊಬ್ಬರ ಒಪ್ಪಿಗೆ ಸಹಿ ಬೇಕು ಎಂದರು ಕಂಪನಿಯ ವಕೀಲರು. ಸಹಿ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳಿದರೆ ಏನು ಹೇಳಲಿ ಎಂದು ಒಂದು ವಾರ ಊಟ ಸೇರಲಿಲ್ಲ. ಕೊನೆಗೆ ಆಯುಧಪೂಜೆ ಕಾಪಾಡಿತು. ಅವತ್ತು ಎಲ್ಲರೂ ರಿಜಿಸ್ಟರಿಗೆ ಸಹಿ ಹಾಕಿ ಸ್ವೀಟ್ ಬಾಕ್ಸ್ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ರಿಜಿಸ್ಟರಿನ ಪಕ್ಕ ಒಪ್ಪಿಗೆ ಪತ್ರಗಳನ್ನೂ ಇಟ್ಟುಕೊಂಡು ಕೂತೆ.

ಕೇಳಿದ್ದು ಪ್ಯಾಕಿಂಗ್ ವಿಭಾಗದ ಮುನಿರಾಜಣ್ಣ ಒಬ್ಬರೇ. “ಒಂದ್ ಬಾಕ್ಸಿಗೆ ಎರಡ್ ಸಹಿ ಯಾಕ್ ಸಾರ್?”

“ಆಫೀಸಲ್ವೇನಣ್ಣಾ, ಎಲ್ಲಾದಕ್ಕೂ ಎರಡೆರಡು.”

“ನೀವ್ ಹೇಳಿದ್ಮೇಲೆ ಮುಗೀತು ಬಿಡಿ,” ಎಂದು ಹಾಕಿಬಿಟ್ಟರು. ಆಗಷ್ಟೇ ಯಂತ್ರಗಳಿಗೆ ಕುಂಕುಮ ಹಚ್ಚಿ ಬಂದ ಕೈ. ಪತ್ರದ ಮೂಲೆಯಲ್ಲಿ ಹೆಬ್ಬೆಟ್ಟಿನ ಕೆಂಪು ಗುರುತು ಉಳಿಯಿತು.

ಈ ಬೇಸಿಗೆಯಲ್ಲಿ ಅವರಿಗೆ ಐವತ್ತೆಂಟು ತುಂಬಿತು. ನೋಟಿಸ್ ಹಿಡಿದು ಬಂದರು. “ನನ್ನ ಲೆಟರಲ್ಲಿ ಅರವತ್ತು ಅಂತೈತೆ ಸಾರ್. ಮಗಳ ನರ್ಸಿಂಗ್ ಮುಗಿಯೋಕೆ ಇನ್ನೆರಡು ವರ್ಷ ಬೇಕು. ಎಲ್ಲೋ ತಪ್ಪಾಗೈತೆ, ನೀವೇ ಸ್ವಲ್ಪ ನೋಡಿ.” ತಪ್ಪು ನೋಡಲು ನಾನು ಕುರ್ಚಿಯಿಂದ ಏಳಬೇಕಾಗಿಯೂ ಇರಲಿಲ್ಲ. ಮ್ಯಾನೇಜರ್ ಒಪ್ಪಿಗೆ ಪತ್ರ ತೆಗೆದು ತೋರಿಸಿದರು. ಆ ಕೆಂಪು ಗುರುತನ್ನು ನೋಡಿ ಮುನಿರಾಜಣ್ಣ ನನ್ನ ಕಡೆ ಒಮ್ಮೆ ನೋಡಿದರು, ನೋಟಿಸ್ ಮಡಿಸಿಕೊಂಡು ಹೊರಟರು.

ಪರಿಚಯದ ಬೇರೊಬ್ಬ ವಕೀಲರನ್ನು ಕಂಡೆ. “ವಿಷಯ ಹೇಳ್ದೇನೇ ಸಹಿ ಹಾಕಿಸ್ಕೊಂಡೆ ಅಂತ ನೀವು ಬರೆದುಕೊಟ್ರೆ ಆ ಒಪ್ಪಿಗೆ ನಿಲ್ಲೋದು ಕಷ್ಟ,” ಎಂದರು. ಆಮೇಲೆ ನನ್ನ ಕೆಲಸ ಉಳಿಯುತ್ತದೆಯೇ ಎಂದೆ. ಅದಕ್ಕೆ ಅವರು ಕಾಫಿ ತರಿಸಿದರು.

ಕೊನೆಯ ದಿನ ಮುನಿರಾಜಣ್ಣನೇ ಎಲ್ಲರಿಗೂ ಸ್ವೀಟ್ ಬಾಕ್ಸ್ ಹಂಚಿದರು. ನನ್ನ ಮೇಜಿಗೆ ಬಂದಾಗ ಅಭ್ಯಾಸಬಲದಿಂದ ನನ್ನ ಕೈ ಜೇಬಿನ ಪೆನ್ನಿಗೆ ಹೋಯಿತು. “ಸಹಿ ಗಿಹಿ ಏನೂ ಬ್ಯಾಡ ಸಾರ್, ಸುಮ್ನೆ ತಗೊಳ್ಳಿ,” ಎಂದರು.

ಅದೇ ಜೇಬಿನಲ್ಲಿ ನನ್ನ ಹೇಳಿಕೆಯೂ ಇತ್ತು. ನಾಲ್ಕು ಸಲ ತಿದ್ದಿ, ದುಂಡಗೆ ಬರೆದದ್ದು. ಈಗಲೂ ಇದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಈಗ ಗ್ಯಾಸಿನ ಚಿಂತೆಯಿಲ್ಲ. ಜೇಬು ಮುಟ್ಟಿ ಅದು ಇದೆಯೇ ಎಂದು ನೋಡಿಕೊಳ್ಳುತ್ತೇನೆ. ಅದಕ್ಕೆ ಎರಡೇನೂ ಬೇಡ, ನನ್ನದೊಂದೇ ಸಹಿ ಸಾಕು.